ಮಕ್ಕಳ ಮುಂಜಾನೆಯ ತಟ್ಟೆಗೆ ರಾಗಿ

ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಕೆಲವು ಮಕ್ಕಳ ಕರುಳಿಗೆ ಒಗ್ಗದು. ಅವರಿಗೆ ಗೋಧಿರವೆಯ ಉಪ್ಪಿಟ್ಟು, ಶಾವಿಗೆ ಸಲ್ಲವು. ಅದಕ್ಕಾಗಿ ಪೇಟೆಯ ದುಬಾರಿ ಪೊಟ್ಟಣಗಳನ್ನು ಅರಸಬೇಕಾಗಿಲ್ಲ. ನಮ್ಮ ಧರ್ಮಪುರಿ, ಸೇಲಂ ಸೀಮೆಯ ರಾಗಿ, ಸಾಮೆಗಳಲ್ಲಿ ಗ್ಲುಟೆನ್ ಇಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. 2023ರಲ್ಲಿ ಸರ್ಕಾರವೇ ಧರ್ಮಪುರಿ ಜಿಲ್ಲೆಯ ಪಡಿತರ ಅಂಗಡಿಗಳಲ್ಲಿ ರಾಗಿ ವಿತರಣೆಯನ್ನು ಆರಂಭಿಸಿತು.

ಮಕ್ಕಳು ರಾಗಿಯನ್ನು ಮುಟ್ಟುವುದಿಲ್ಲವೆಂದು ತಾಯಂದಿರು ದೂರುವುದುಂಟು. ಮುದ್ದೆಯನ್ನು ಒಲ್ಲದ ಮಗುವಿಗೆ ಉದ್ದು ಬೆರೆಸಿ ಹುದುಗಿಸಿದ ಗರಿಗರಿ ರಾಗಿ ದೋಸೆಯನ್ನೋ, ನುಗ್ಗೆಸೊಪ್ಪಿನ ರೊಟ್ಟಿಯನ್ನೋ, ಬೆಲ್ಲ ಕಲಸಿದ ಹುರಿಹಿಟ್ಟನ್ನೋ ಕೊಟ್ಟು ನೋಡಬೇಕು. ಆದರೆ ಗೋಧಿ ಬೀಸುವ ಗಿರಣಿಯಲ್ಲೇ ರಾಗಿಯನ್ನೂ ಬೀಸಿಸಿದರೆ ಶ್ರಮವೆಲ್ಲ ವ್ಯರ್ಥ. ಮೂಲೆಗೆ ಸೇರಿರುವ ರಾಗಿಕಲ್ಲನ್ನು ಅಂಥ ಮಕ್ಕಳಿಗಾಗಿಯಾದರೂ ಮತ್ತೆ ಹೂಡೋಣ.