ಇಪ್ಪತ್ತಕ್ಕೆ ಗ್ಲೌಸ್ ತೊಟ್ಟವನ ಲೆಕ್ಕ

ನಾನು ಮೊದಲ ಸಲ ಬಾಕ್ಸಿಂಗ್ ಗ್ಲೌಸ್ ಹಾಕಿಕೊಂಡಾಗ ಇಪ್ಪತ್ತು ವರ್ಷ ತುಂಬಿತ್ತು. ಅಲ್ಲಿಯವರೆಗೆ ನಮ್ಮ ಕೊಡಿಗೇನಹಳ್ಳಿಯಲ್ಲಿ ಕಬಡ್ಡಿ ಆಡಿದ್ದೆ, ವಾಲಿಬಾಲ್ ಆಡಿದ್ದೆ, ಓಟದಲ್ಲಿ ಹೋಬಳಿ ಮಟ್ಟ ದಾಟಿದ್ದೆ. ಬಾಕ್ಸಿಂಗ್ ರಿಂಗ್ ಹೇಗಿರುತ್ತದೆ ಎಂದು ಕಣ್ಣಾರೆ ಕಂಡಿದ್ದು ಡಿಗ್ರಿ ಮುಗಿಸಿ ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಮೇಲೆ. ಹಗಲು ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಲೆಕ್ಕ ಬರೆಯುವುದು, ಸಂಜೆ ಅಭ್ಯಾಸ. ನಾನು ಸೇರಿದ ಜಿಮ್ಮಿನ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ವಯಸ್ಸು ಬರೀ ಒಂದು ಸಂಖ್ಯೆ.

ಈಗ ನನಗೆ ಇಪ್ಪತ್ತೆರಡು. ಬಾಕ್ಸಿಂಗಿನಲ್ಲಿ ವಯಸ್ಸು ಸಂಖ್ಯೆಯೇ ಹೌದು, ಆದರೆ ಎಲ್ಲಕ್ಕಿಂತ ಮೊದಲು ನೋಡಬೇಕಾದ ಸಂಖ್ಯೆ ಎಂಬುದು ಎರಡು ವರ್ಷದಲ್ಲಿ ಗೊತ್ತಾಗಿದೆ. 15, 16ರ ಹುಡುಗರು ಜೂನಿಯರ್, 17, 18ರವರು ಯೂತ್. ಹತ್ತೊಂಬತ್ತಾಯಿತೋ, ನಲವತ್ತರವರೆಗೂ ಒಂದೇ ಗುಂಪು, ಎಲೀಟ್. ಇಪ್ಪತ್ತಕ್ಕೆ ಶುರು ಮಾಡಿದವನು ರಾಜ್ಯ ಚಾಂಪಿಯನ್‌ಷಿಪ್‌ಗೆ ಹೆಸರು ಕೊಟ್ಟರೆ ಎದುರಿಗೆ ನಿಲ್ಲುವವನು ಹನ್ನೆರಡು ವರ್ಷ ಗುದ್ದಾಡಿ ಬಂದವನಾಗಿರಬಹುದು. ನಮ್ಮಂಥವರಿಗೆ ಒಂದನೇ ಕ್ಲಾಸೂ ಇಲ್ಲ, ಎರಡನೇ ಕ್ಲಾಸೂ ಇಲ್ಲ. ನೇರ ಎಸ್‌ಎಸ್‌ಎಲ್‌ಸಿ ಪರೀಕ್ಷೆ.

ನನ್ನ ಮೊದಲ ಪಂದ್ಯ ಹೀಗೇ ಆಯಿತು. 60 ಕಿಲೋ, ಲೈಟ್‌ವೇಟ್. ಎದುರಾಳಿ ನನಗಿಂತ ಮೂರು ವರ್ಷ ಚಿಕ್ಕವನು, ಒಂಬತ್ತನೇ ವಯಸ್ಸಿನಿಂದ ಆಡುತ್ತಿದ್ದವನು. ಕಡಲೆಕಾಯಿ ಮೂಟೆ ಹೊತ್ತು ಬೆಳೆದ ನನ್ನ ತೋಳು ಅವನದಕ್ಕಿಂತ ದಪ್ಪವೇ ಇತ್ತು. ಏನು ಪ್ರಯೋಜನ? ನಾನು ಹೊಡೆಯಬೇಕು ಎಂದು ಯೋಚಿಸಿ ಹೊಡೆಯುತ್ತಿದ್ದೆ. ಅವನಿಗೆ ಯೋಚನೆಯ ಕೆಲಸವೇ ಇರಲಿಲ್ಲ. ನನ್ನ ಭುಜ ಅಲುಗಿದರೆ ಸಾಕು, ಅವನ ತಲೆ ಅಲ್ಲಿರುತ್ತಿರಲಿಲ್ಲ; ನನ್ನ ಕೈ ಗಾಳಿಗೆ ಹೋಗಿ ವಾಪಸ್ಸು ಬರುವುದರೊಳಗೆ ಅವನ ಎಡಗೈ ಜ್ಯಾಬ್ ನನ್ನ ಮೂಗಿನ ಮೇಲೆ. ಮೂರು ನಿಮಿಷದ ಮೂರು ರೌಂಡ್, ನಡುವೆ ಒಂದೊಂದು ನಿಮಿಷ ವಿಶ್ರಾಂತಿ. ಎರಡನೇ ರೌಂಡಿನಲ್ಲಿ ನನಗೆ ಉಸಿರು ಕಟ್ಟಿದ್ದು ದಮ್ಮು ಸಾಲದೆ ಅಲ್ಲ, ಗಾಬರಿಯಿಂದ. ಐದೂ ಜಡ್ಜ್‌ಗಳು ಅವನಿಗೇ ಕೊಟ್ಟರು. ಕೊಡದೆ ಇನ್ನೇನು ಮಾಡುತ್ತಾರೆ!

ತಡವಾಗಿ ಶುರು ಮಾಡಿ ಗೆದ್ದವರ ಕಥೆ ಹೇಳುವವರು ಇಬ್ಬರ ಹೆಸರನ್ನು ತಪ್ಪದೆ ಹೇಳುತ್ತಾರೆ. ಅಮೆರಿಕದ ಡಿಯಾಂಟೆ ವೈಲ್ಡರ್ ಇಪ್ಪತ್ತಕ್ಕೆ ಶುರು ಮಾಡಿ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಬ್ರಿಟನ್ನಿನ ಆಂಥೊನಿ ಜೋಶುವಾ ಹದಿನೆಂಟಕ್ಕೆ ಶುರು ಮಾಡಿ 2012ರಲ್ಲಿ ಚಿನ್ನ ಗೆದ್ದರು. ಎರಡೂ ನಿಜ. ಆದರೆ ಇಬ್ಬರೂ ಆರೂವರೆ ಅಡಿ ಎತ್ತರದ ಹೆವಿವೇಟ್‌ಗಳು ಎಂಬುದನ್ನು ಕಥೆ ಹೇಳುವವರು ನುಂಗಿಬಿಡುತ್ತಾರೆ. ಅಂಥ ದೇಹದವರು ಎಲ್ಲ ದೇಶದಲ್ಲೂ ಕಡಿಮೆ, ಹಾಗಾಗಿ ಪೈಪೋಟಿಯೂ ಕಡಿಮೆ. ಮೇಲಾಗಿ ಒಂದೇ ಪೆಟ್ಟಿಗೆ ಪಂದ್ಯ ಮುಗಿಯಬಹುದು. 60 ಕಿಲೋ ತೂಗುವ ಹುಡುಗರೋ, ಊರಿಗೆ ನೂರು ಜನ ಸಿಗುತ್ತಾರೆ. ಅಲ್ಲಿ ಒಂದು ಪೆಟ್ಟಿನ ಭಾಗ್ಯಕ್ಕೆ ಕಾಯುವಂತಿಲ್ಲ, ವೇಗ ಮತ್ತು ಸಮಯಜ್ಞಾನವೇ ಬಂಡವಾಳ. ಅದು ರಿಂಗಿನೊಳಗೆ ಕಳೆದ ರೌಂಡುಗಳಿಂದ ಮಾತ್ರ ಬರುತ್ತದೆ.

ಲೈಟ್‌ವೇಟ್‌ನಲ್ಲಿ 2012ರ ಒಲಿಂಪಿಕ್ ಚಿನ್ನ ಗೆದ್ದ ಉಕ್ರೇನಿನ ವಾಸಿಲ್ ಲೊಮಚೆಂಕೊಗೆ ತಂದೆಯೇ ಕೋಚ್, ಅದೂ ಎಳೆಯ ವಯಸ್ಸಿನಿಂದ. ಅಮೆಚೂರ್ ಪಂದ್ಯಗಳಲ್ಲಿ ಅವರದು 396 ಗೆಲುವು, ಒಂದು ಸೋಲು. ಒಂದು ಪಂದ್ಯಕ್ಕೆ ಮೂರೇ ರೌಂಡ್ ಎಂದು ಹಿಡಿದರೂ ಸಾವಿರ ದಾಟುತ್ತದೆ. ಎರಡು ವರ್ಷದಲ್ಲಿ ನಾನು ಆಡಿರುವುದು ನಾಲ್ಕು ಪಂದ್ಯ, ಹನ್ನೆರಡು ರೌಂಡ್. ನಮ್ಮವರೇ ಆದ ಗುವಾಹಟಿಯ ಶಿವ ಥಾಪಾ 60 ಕಿಲೋದಲ್ಲಿ 2017ರ ಏಷ್ಯನ್ ಚಾಂಪಿಯನ್‌ಷಿಪ್ ಬೆಳ್ಳಿ ತಂದವರು. ಅವರು ಲಂಡನ್ ಒಲಿಂಪಿಕ್ಸ್‌ನ ರಿಂಗ್ ಹತ್ತಿದಾಗ ವಯಸ್ಸು ಹದಿನೆಂಟು. ಆ ವಯಸ್ಸಿನಲ್ಲಿ ನನಗೆ ಬಾಕ್ಸಿಂಗ್ ಎಂದರೆ ಸಿನಿಮಾದ ಫೈಟು.

ಹಾಗಾದರೆ ತಡವಾಗಿ ಬಂದ ಲೈಟ್‌ವೇಟ್‌ಗೆ ದಾರಿಯೇ ಇಲ್ಲವೇ? ಈ ಪ್ರಶ್ನೆ ಕೇಳಿಕೊಂಡಾಗೆಲ್ಲ ನನಗೆ ನೆನಪಾಗುವುದು 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದ ಮಹಿಳೆಯರ 60 ಕಿಲೋ ಫೈನಲ್. ಒಂದು ಕಡೆ ಮಣಿಪುರದ ಸರಿತಾ ದೇವಿ. ಅವರು ಬಾಕ್ಸಿಂಗ್ ಶುರು ಮಾಡಿದ್ದು 2000ದ ಹೊತ್ತಿಗೆ, ಸುಮಾರು ಹದಿನೆಂಟರಲ್ಲಿ. ಮರುವರ್ಷವೇ ಏಷ್ಯನ್ ಚಾಂಪಿಯನ್‌ಷಿಪ್ ಬೆಳ್ಳಿ, 2006ರಲ್ಲಿ 52 ಕಿಲೋದಲ್ಲಿ ವಿಶ್ವ ಚಾಂಪಿಯನ್. ಇನ್ನೊಂದು ಕಡೆ ಆಸ್ಟ್ರೇಲಿಯಾದ ಶೆಲ್ಲಿ ವಾಟ್ಸ್, ಕಾನೂನು ಓದುತ್ತಿದ್ದವರು. ಫುಟ್‌ಬಾಲ್ ಆಡಿ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಮೈ ಗಟ್ಟಿಮಾಡಿಕೊಳ್ಳಲೆಂದು ಬಾಕ್ಸಿಂಗಿಗೆ ಬಂದು ಅಲ್ಲೇ ಉಳಿದವರು. ಚಿನ್ನ ವಾಟ್ಸ್‌ಗೆ, ಬೆಳ್ಳಿ ಸರಿತಾಗೆ. ಇಬ್ಬರೂ ತಡವಾಗಿ ಬಂದವರೇ.

ಇದು ಹೇಗೆ ಸಾಧ್ಯವಾಯಿತು? ಇಬ್ಬರ ಛಲ ದೊಡ್ಡದು, ಅನುಮಾನವಿಲ್ಲ. ಆದರೆ ಆಟದ ವಯಸ್ಸನ್ನೂ ನೋಡಿ. ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದೇ 2001ರಲ್ಲಿ. ಒಲಿಂಪಿಕ್ಸ್‌ಗೆ ಸೇರಿದ್ದು 2012ರಲ್ಲಿ. ಮೇರಿ ಕೋಮ್ ಕೂಡ ಅಥ್ಲೆಟಿಕ್ಸ್ ಬಿಟ್ಟು 2000ದಲ್ಲಿ ಬಂದು, ಮರುವರ್ಷ ಆ ಮೊದಲ ವಿಶ್ವಕೂಟದಲ್ಲೇ ಬೆಳ್ಳಿ ಗೆದ್ದರು. ಆಟವೇ ಹೊಸದಾಗಿದ್ದಾಗ ಬಹುತೇಕ ಎಲ್ಲರೂ ತಡವಾಗಿ ಬಂದವರೇ. ಅಂಥ ಕಾಲದಲ್ಲೂ 60 ಕಿಲೋದ ತುದಿಯಲ್ಲಿ ಕೂತಿದ್ದವರು ಐರ್ಲೆಂಡಿನ ಕೇಟಿ ಟೇಲರ್. ಸತತ ಐದು ವಿಶ್ವ ಪ್ರಶಸ್ತಿ, ಲಂಡನ್ ಒಲಿಂಪಿಕ್ಸ್ ಚಿನ್ನ. ಅವರಿಗೆ ಚಿಕ್ಕಂದಿನಿಂದ ಅಪ್ಪನೇ ಗುರು. ಹೊಸ ಆಟದಲ್ಲೂ ಬೇಗ ಬಂದವರದೇ ಶಿಖರ, ತಡವಾಗಿ ಬಂದವರಿಗೆ ಅದರ ಕೆಳಗಿನ ಮೆಟ್ಟಿಲುಗಳು. ಆ ಮೆಟ್ಟಿಲುಗಳೇನೂ ಸಣ್ಣವಲ್ಲ.

ಆದ್ದರಿಂದ ನನ್ನ ತಕರಾರು ತಡವಾಗಿ ಶುರು ಮಾಡುವುದರ ಬಗ್ಗೆ ಅಲ್ಲ. ಲೆಕ್ಕ ಹೇಳದೆ ಕನಸು ಮಾರುವವರ ಬಗ್ಗೆ. ಲೊಮಚೆಂಕೊನ ವಿಡಿಯೊ ತೋರಿಸಿ ಮೂರು ತಿಂಗಳ ಫೀಸು ಮುಂಗಡ ಕಟ್ಟಿಸಿಕೊಳ್ಳುವವರು ಇದ್ದಾರೆ; ನಾನೂ ಕಟ್ಟಿದ್ದೇನೆ. ಅವರಲ್ಲಿ ಒಬ್ಬರಾದರೂ ಕೂರಿಸಿಕೊಂಡು, ‘ನೋಡಪ್ಪ, ಅಂತರ ವಿಶ್ವವಿದ್ಯಾಲಯ ಕೂಟಕ್ಕೆ 25ರ ಮಿತಿ ಇದೆ. ಅಲ್ಲಿ ಪದಕ ಬಂದರೆ ರೈಲ್ವೆಯ ಕ್ರೀಡಾ ಕೋಟಾಕ್ಕೆ ಅರ್ಜಿ ಹಾಕಬಹುದು, ಅದಕ್ಕೂ 18ರಿಂದ 25 ವರ್ಷ. ನಿನಗಿರುವುದು ಇಷ್ಟು ಸಮಯ’ ಎಂದು ಹೇಳಲಿಲ್ಲ. ಡಿಗ್ರಿಯ ಮೂರು ವರ್ಷವೂ ಆ ಬಾಗಿಲು ನನಗೆ ತೆರೆದೇ ಇತ್ತು. ಗೊತ್ತಾಗುವ ಹೊತ್ತಿಗೆ ನಾನು ವಿದ್ಯಾರ್ಥಿಯಾಗಿ ಉಳಿದಿರಲಿಲ್ಲ. ಕಾಲೇಜಿನಲ್ಲಿ ಓದುತ್ತಾ ಇದನ್ನು ನೋಡುತ್ತಿರುವವರು ನಾಳೆಯೇ ನಿಮ್ಮ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕಂಡು ವಿಶ್ವವಿದ್ಯಾಲಯದ ಆಯ್ಕೆ ಯಾವಾಗ ಎಂದು ಕೇಳಿ.

ಇನ್ನೊಂದು ಮಾತು. ನಾವು ತಡವಾಗಿ ಬಂದದ್ದು ಸೋಮಾರಿತನದಿಂದಲ್ಲ. ಬಳ್ಳಾರಿ ಕಡೆಯ ವಿಜಯನಗರದಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಂಥ ಒಳ್ಳೆಯ ತರಬೇತಿ ಕೇಂದ್ರ ನಮ್ಮ ರಾಜ್ಯದಲ್ಲೇ ಇದೆ. ಅಲ್ಲಿ ತರಬೇತಾಗಿ, ರಾಷ್ಟ್ರೀಯ ಕೂಟದಲ್ಲಿ ಕರ್ನಾಟಕದ ಹೆಸರಲ್ಲಿ ಆಡಿ, 2023ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದ ನಿಶಾಂತ್ ದೇವ್ ಹರಿಯಾಣದ ಕರ್ನಾಲ್‌ನವರು. ಅವರ ಬಗ್ಗೆ ಹೆಮ್ಮೆಯೇ ಇದೆ. ಆದರೆ ಮಧುಗಿರಿಯ, ಪಾವಗಡದ ಹತ್ತು ವರ್ಷದ ಹುಡುಗ ಎಲ್ಲಿಗೆ ಹೋಗಬೇಕು? ಏಕಶಿಲಾ ಬೆಟ್ಟ ಏರಿ ಇಳಿಯುವ ಕಾಲುಗಳು ನಮ್ಮಲ್ಲಿವೆ. ತಾಲ್ಲೂಕು ಕ್ರೀಡಾಂಗಣದ ಒಂದು ಮೂಲೆಯಲ್ಲಿ ನಾಲ್ಕು ಕಂಬ, ಹಗ್ಗ, ಎರಡು ಬ್ಯಾಗು, ವಾರಕ್ಕೆ ಮೂರು ದಿನ ಬರುವ ಕೋಚ್ ಇದ್ದರೆ ಆ ಹುಡುಗ ನನ್ನ ಹಾಗೆ ಹನ್ನೆರಡು ರೌಂಡಿನ ಲೆಕ್ಕ ಬರೆಯುತ್ತಾ ಕೂರಬೇಕಿಲ್ಲ.

ಹೋದ ವಾರ ಅಪ್ಪ ಫೋನ್ ಮಾಡಿದ್ದರು. “ಪೊಲೀಸ್‌ಗೆ ಕರೆದಾಗ ಅರ್ಜಿ ಹಾಕ್ತೀಯೇನಪ್ಪ, ಇಲ್ಲ ಹೊಡೆಸ್ಕೊಂಡೇ ಇರ್ತೀಯಾ?” ಅಂದರು. ಹಾಕ್ತೀನಪ್ಪ ಅಂದೆ. ಎಂ.ಕಾಂ.ಗೂ ಅರ್ಜಿ ಹಾಕುತ್ತೇನೆ ಎಂಬುದನ್ನು ಇನ್ನೂ ಹೇಳಿಲ್ಲ. ಇಪ್ಪತ್ತೈದಕ್ಕೆ ಇನ್ನು ಮೂರು ವರ್ಷವೂ ಇಲ್ಲ. ಇವತ್ತು ಬೆಳಿಗ್ಗೆ ತೂಕ 61 ಕಿಲೋ 400 ಗ್ರಾಂ ಇತ್ತು.