ಹಾಡುವವರ ಯಾತ್ರೆಯೂ ಮನೆವಾರ್ತೆಯ ಲೆಕ್ಕವೂ

ಹಾಡುವವರು ಊರಿಂದೂರಿಗೆ ತಿರುಗುವದು ಲೋಕದಲ್ಲಿ ಹೊಸ ಸಂಗತಿಯಲ್ಲ. ನಮ್ಮ ನಾಡಿನ ಹರಿದಾಸರು ತಂಬೂರಿ ಹಿಡಿದು ಕಾಲ್ನಡೆಯಿಂದ ತಿರುಗಿದರು. ಅಮೆರಿಕದ ನ್ಯಾಶ್‌ವಿಲ್ ಪಟ್ಟಣದಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಜನರಿಗಾಗಿ ಸ್ಥಾಪಿತವಾದ ಫಿಸ್ಕ್ ವಿದ್ಯಾಲಯವು ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಾಗ, 1871ರಲ್ಲಿ ಅದರ ಒಂಭತ್ತು ಮಂದಿ ವಿದ್ಯಾರ್ಥಿಗಳು ಹಾಡುತ್ತಾ ಹೊರಟರು. ಮುಂದೆ ಆ ತಂಡವು ಸಮುದ್ರ ದಾಟಿ ಇಂಗ್ಲೆಂಡಿನ ವರೆಗೂ ಹೋಗಿ ತಂದ ಹಣದಿಂದ ಜುಬಿಲಿ ಹಾಲ್ ಎಂಬ ಕಟ್ಟಡವು ಎದ್ದಿತು. ಆದುದರಿಂದ ಹಾಡುವವರು ಯಾತ್ರೆ ಹೊರಟರೆಂಬ ಮಾತ್ರಕ್ಕೆ ಅವರನ್ನು ಹೀನವಾಗಿ ಕಾಣುವದು ಯುಕ್ತವಲ್ಲ. ಆ ಯಾತ್ರೆಗೆ ಏನು ವೆಚ್ಚವಾಯಿತು, ಅದರಿಂದ ಯಾರಿಗೆ ಏನು ಉಳಿಯಿತು ಎಂದು ಕೇಳುವದೇ ಯುಕ್ತ.

ಈ ಮಾತನ್ನು ಈಗ ಎತ್ತಲು ಕಾರಣವುಂಟು. ಕೋಲ್ಡ್‌ಪ್ಲೇ ಎಂಬ ಇಂಗ್ಲಿಷ್ ರಾಕ್ ತಂಡವು 2025ರ ಜನವರಿಯಲ್ಲಿ ನಮ್ಮ ದೇಶಕ್ಕೆ ಬಂದು, ನವಿ ಮುಂಬಯಿಯಲ್ಲಿ ಮೂರು ದಿನವೂ ಅಹಮದಾಬಾದಿನಲ್ಲಿ ಎರಡು ದಿನವೂ ಹಾಡಿತು. ಅಹಮದಾಬಾದಿನ ಕ್ರೀಡಾಂಗಣದಲ್ಲಿ ಒಂದೊಂದು ದಿನ ಲಕ್ಷಕ್ಕೆ ಮಿಕ್ಕಿದ ಜನರು ಕೂಡಿದ್ದರು. ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಕೆಲವರು ಅಲ್ಲಿಗೆ ಹೋಗಿಬಂದರು. ಈಗ ಓದುತ್ತಿರುವ ಹುಡುಗಿಯರಲ್ಲಿ ಅನೇಕರು ಆ ಹಾಡುಗಳನ್ನು ಬಾಯಿಪಾಠವಾಗಿ ಬಲ್ಲರು. ಇಂಥ ಸಂಗೀತಕ್ಕೆ ಮಕ್ಕಳನ್ನು ಕಳುಹಿಸಬಹುದೋ ಎಂದು ಕೆಲವು ತಾಯಿತಂದೆಗಳು ನಮ್ಮನ್ನು ಕೇಳಿರುತ್ತಾರೆ. ಅದು ಬರಿಯ ಗದ್ದಲವೆಂದೂ ಪರದೇಶದ ಮೋಹವೆಂದೂ ತಳ್ಳಿಬಿಡುವದು ಸುಲಭ. ಆದರೆ ನಾವು ತಿಳಿಯದೆ ಖಂಡಿಸಿದ್ದನ್ನು ಮಕ್ಕಳು ತಿಳಿದು ಮೆಚ್ಚಿದರೆ, ಮುಂದೆ ನಾವು ತಿಳಿದು ಹೇಳುವ ಮಾತಿಗೂ ಅವರಲ್ಲಿ ಬೆಲೆಯಿರುವದಿಲ್ಲ. ಆದಕಾರಣ ಈ ತಂಡದ ಸಂಗತಿಯನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಆಲ್ಬಮ್ ಎಂದು ಕರೆಯಲ್ಪಡುವ ಹೊಸ ಹಾಡುಗಳ ಸಂಪುಟವನ್ನು ಹೊರಡಿಸಿದೊಡನೆ ದೇಶದೇಶಗಳನ್ನು ಸುತ್ತಿ ಅದನ್ನು ಹಾಡಿತೋರಿಸುವದು ಇಂಥ ತಂಡಗಳ ವಾಡಿಕೆ. ಹೆಸರೂ ಹಣವೂ ಬರುವದು ಹೆಚ್ಚಾಗಿ ಆ ಯಾತ್ರೆಯಿಂದಲೇ. ಆದರೆ ವೇದಿಕೆ, ದೀಪ, ಯಂತ್ರಗಳನ್ನು ಖಂಡದಿಂದ ಖಂಡಕ್ಕೆ ಸಾಗಿಸುವದರಲ್ಲಿ ಸುಡುವ ಎಣ್ಣೆಯು ಅಪಾರ. ಅದರಿಂದ ಏಳುವ ಇಂಗಾಲದ ವಾಯುವು ಭೂಮಿಯ ಕಾವನ್ನು ಹೆಚ್ಚಿಸುತ್ತದೆ. 2019ರ ನವೆಂಬರಿನಲ್ಲಿ ಕೋಲ್ಡ್‌ಪ್ಲೇ ತಂಡವು ಒಂದು ಸಂಪುಟವನ್ನು ಹೊರಡಿಸಿದಾಗ, ಈ ಹಾನಿಯನ್ನು ತಗ್ಗಿಸುವ ದಾರಿ ತಿಳಿಯುವ ತನಕ ಯಾತ್ರೆ ಹೊರಡುವದಿಲ್ಲವೆಂದು ಪ್ರಕಟಪಡಿಸಿ, ಜೋರ್ಡಾನ್ ದೇಶದ ಅಮ್ಮಾನ್ ಪಟ್ಟಣದ ಹಳೆಯ ಕೋಟೆಯಲ್ಲಿ ಸೂರ್ಯೋದಯಕ್ಕೊಮ್ಮೆ ಸೂರ್ಯಾಸ್ತಕ್ಕೊಮ್ಮೆ ಹಾಡಿ ಅದನ್ನು ಲೋಕಕ್ಕೆ ಪರಿಚಯಿಸಿತು. ಹೊರಟರೆ ಲಾಭವೆಂದು ಬಲ್ಲವರು ನಿಂತು ಯೋಚಿಸುವದು ದೊಡ್ಡ ಸಂಗತಿಯೆಂದೇ ನಮ್ಮ ಅಭಿಪ್ರಾಯ. ಗೋಪುರವನ್ನು ಕಟ್ಟುವದಕ್ಕೆ ಮುಂಚೆ ಕೂತುಕೊಂಡು ಲೆಕ್ಕಮಾಡಬೇಕೆಂಬ ಸ್ವಾಮಿಯ ಉಪದೇಶವನ್ನು ನಾವು ಮಕ್ಕಳಿಗೆ ಕಲಿಸುತ್ತೇವಷ್ಟೆ.

2021ರ ಅಕ್ಟೋಬರಿನಲ್ಲಿ ಮತ್ತೊಂದು ಸಂಪುಟವನ್ನು ಹೊರಡಿಸಿ, 2022ರ ಮಾರ್ಚಿ ತಿಂಗಳಲ್ಲಿ ಕೋಸ್ಟರಿಕಾ ದೇಶದಿಂದ ಅವರು ಯಾತ್ರೆಯನ್ನು ಆರಂಭಿಸಿದರು. ಹೊರಡುವ ಮುಂಚೆ ಹಲವು ವಚನಗಳನ್ನು ಕೊಟ್ಟರು: 2016-17ರ ತಮ್ಮ ಹಿಂದಿನ ಯಾತ್ರೆಗಿಂತ ಇಂಗಾಲದ ವಾಯುವನ್ನು ಅರ್ಧಕ್ಕೆ ಇಳಿಸುವದು, ಮಾರಿದ ಒಂದೊಂದು ಟಿಕೇಟಿಗೆ ಒಂದೊಂದು ಮರವನ್ನು ನೆಡಿಸುವದು, ಸಂಪಾದನೆಯಲ್ಲಿ ನೂರಕ್ಕೆ ಹತ್ತನ್ನು ಸತ್ಕಾರ್ಯಗಳಿಗೆ ತೆಗೆದಿಡುವದು. ಈ ಕಡೆಯದನ್ನು ನಮ್ಮ ಸಭೆಗಳಲ್ಲಿ ದಶಮಾಂಶವೆಂದು ಕರೆಯುತ್ತಾರೆ. ಕುಣಿಯುವವರ ಕಾಲ್ತುಳಿತದಿಂದಲೂ ಸೈಕಲ್ಲು ತುಳಿಯುವವರ ಶ್ರಮದಿಂದಲೂ ಸ್ವಲ್ಪ ವಿದ್ಯುತ್ತನ್ನು ಹುಟ್ಟಿಸುವ ಏರ್ಪಾಡನ್ನು ಸಹ ಮಾಡಿದರು.

ವಚನ ಕೊಡುವವರು ಬಹಳ. ಲೆಕ್ಕ ಒಪ್ಪಿಸುವವರು ಕಡಿಮೆ. ಈ ತಂಡವು 2024ರ ಜೂನ್ ತಿಂಗಳಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಂದೊಂದು ಸಭೆಯ ಲೆಕ್ಕದಲ್ಲಿ ಇಂಗಾಲದ ವಾಯುವು ಹಿಂದಿನ ಯಾತ್ರೆಗಿಂತ ನೂರಕ್ಕೆ 59ರಷ್ಟು ಇಳಿದಿತ್ತು. ಅಂಕಿಗಳನ್ನು ತಾವೇ ಹೊಗಳಿಕೊಳ್ಳದೆ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ಪಂಡಿತರಿಂದ ಪರೀಕ್ಷೆ ಮಾಡಿಸಿದರು. ಇನ್ನೊಂದು ಅಂಕಿಯು ನಮಗೆ ವಿಶೇಷವಾಗಿ ಹಿಡಿಸಿತು. ಸಂಗೀತಕ್ಕೆ ಬಂದವರೆಲ್ಲರ ಕೈಗೆ ಬಣ್ಣಬಣ್ಣವಾಗಿ ಬೆಳಗುವ ಒಂದು ಪಟ್ಟಿಯನ್ನು ಕಟ್ಟುತ್ತಾರೆ. ಮನೆಗೆ ಹೋಗುವಾಗ ಅದನ್ನು ಹಿಂದಕ್ಕೆ ಕೊಡಬೇಕು. ಕಾವಲುಗಾರನಾಗಲಿ ದಂಡವಾಗಲಿ ಇಲ್ಲದೆ, ಸರಾಸರಿ ನೂರಕ್ಕೆ 86 ಪಟ್ಟಿಗಳು ಹಿಂದಕ್ಕೆ ಬಂದವಂತೆ. ಎರವು ತಂದ ಕೊಡಲಿಯು ನೀರಿಗೆ ಬಿದ್ದಾಗ ಎಲೀಷನ ಮುಂದೆ ಕೂಗಿಕೊಂಡವನ ಕಥೆಯನ್ನು ನಮ್ಮ ಹುಡುಗಿಯರು ಬಲ್ಲರು. ಎರವಿನ ವಸ್ತು ನಮ್ಮದಲ್ಲವೆಂಬ ಆ ಪಾಠವನ್ನು ಜನರು ಕ್ರೀಡಾಂಗಣದಲ್ಲಿಯೂ ಆಚರಿಸಿದರೆಂದರೆ, ಅಲ್ಲಿ ಬರಿಯ ಗದ್ದಲವೇ ಇತ್ತೆಂದು ಹೇಳಲಾದೀತೇ?

ಆದರೆ ಹೊಗಳಿಕೆಯಲ್ಲಿಯೂ ಮಿತಿಯಿರತಕ್ಕದ್ದು. ಆ 59ರ ಲೆಕ್ಕದಲ್ಲಿ ಸೇರಿದ್ದು ವೇದಿಕೆಯ ವೆಚ್ಚ, ಸಾಮಾನುಗಳ ಸಾಗಣೆ, ಹಾಡುವವರ ಮತ್ತು ಕೆಲಸದವರ ಪ್ರಯಾಣ, ಇಷ್ಟೇ. ಕೇಳಲಿಕ್ಕೆ ಹೋದವರ ಪ್ರಯಾಣವು ಅದರಲ್ಲಿ ಸೇರಿರುವದಿಲ್ಲ. ವಿಮಾನಯಾನದ ವಿಷಯವಾಗಿ ಆಕ್ಷೇಪಿಸುವವರ ಮಾತು ಸರಿಯೆಂದು ಗಾಯಕರಾದ ಕ್ರಿಸ್ ಮಾರ್ಟಿನ್‌ರವರೇ 2021ರಲ್ಲಿ ಒಪ್ಪಿಕೊಂಡಿದ್ದರು. ಇನ್ನು ನಮ್ಮ ದೇಶದಲ್ಲಿ, 2024ರ ಸೆಪ್ಟೆಂಬರಿನಲ್ಲಿ ಟಿಕೇಟುಗಳು ಸ್ವಲ್ಪ ಹೊತ್ತಿನಲ್ಲಿ ಮುಗಿದುಹೋಗಿ, ಅನಂತರ ಮಧ್ಯವರ್ತಿಗಳ ಕೈಯಲ್ಲಿ ಅನೇಕ ಪಟ್ಟು ಬೆಲೆಗೆ ಏರಿದವು. ಹಾಡು ಎಲ್ಲರಿಗೂ ಎಂದು ಹೇಳಿದರೂ ಬಾಗಿಲಲ್ಲಿ ಹಣವಂತನೇ ಮುಂದೆ ನಿಂತನು.

ಇಲ್ಲಿಯೇ ನಮ್ಮ ಮುಖ್ಯ ಮಾತಿರುವದು. ಬಿಟ್ಟುಹೋದ ಆ ಲೆಕ್ಕವು ಹಾಡುವವರದಲ್ಲ, ಕೇಳುವವರದು. ಎಂದರೆ ನಮ್ಮ ನಿಮ್ಮದು. ಹಾಡುವವನು ತನ್ನ ಮನೆವಾರ್ತೆಯ ಲೆಕ್ಕವನ್ನು ಒಪ್ಪಿಸಿದ ಮೇಲೆ ಕೇಳುವವನು ಸುಮ್ಮನಿರುವದು ನ್ಯಾಯವಲ್ಲ. ಆದುದರಿಂದ ಮಕ್ಕಳು ಇಂಥದಕ್ಕೆ ಅಪ್ಪಣೆ ಬೇಡಿದಾಗ, ಹೋಗಬಾರದೆಂದು ಗದರಿಸುವದಕ್ಕೂ ಕೇಳಿದ ಹಣವನ್ನು ಎಣಿಸಿಕೊಡುವದಕ್ಕೂ ಬದಲಾಗಿ ಅವರನ್ನು ಹತ್ತಿರ ಕೂಡ್ರಿಸಿ ಲೆಕ್ಕ ಹಾಕಿಸಿರಿ. ಟಿಕೇಟಿನ ನಿಜವಾದ ಬೆಲೆಯೆಷ್ಟು? ರೈಲಿನಿಂದ ಹೋಗಲಾಗದೇ? ಆ ಹಣದ ಹತ್ತರಲ್ಲೊಂದು ಪಾಲನ್ನು ಶುಲ್ಕ ಕೊಡಲಾರದ ಸಹಪಾಠಿನಿಗೆ ತೆಗೆದಿಡಬಲ್ಲಿಯಾ? ಇಷ್ಟನ್ನು ಯೋಚಿಸಿ ಹೋದ ಹುಡುಗಿಯು ಕೆಡುವಳೆಂಬ ಭಯ ನಮಗಿಲ್ಲ. ಯೋಚಿಸಿ ಮನೆಯಲ್ಲಿಯೇ ಉಳಿದವಳಿಗೂ ನಷ್ಟವಿಲ್ಲ.

ಮಕ್ಕಳಿಗೆ ಹೇಳುವದನ್ನು ಹಿರಿಯರು ಮೊದಲು ಮಾಡತಕ್ಕದ್ದು. ನಮ್ಮ ಶಾಲೆಯ ಉತ್ಸವಗಳಲ್ಲಿಯೂ ಮನೆಗಳ ಮದುವೆಗಳಲ್ಲಿಯೂ ಒಂದೇ ದಿನದ ಅಲಂಕಾರಕ್ಕಾಗಿ ತಂದದ್ದು ಮರುದಿನ ಕಸವಾಗುತ್ತದೆ. ಎಲೆಯ ಮೇಲೆ ಅನ್ನ ಉಳಿಯುತ್ತದೆ. ಅದರ ಲೆಕ್ಕವನ್ನು ಯಾರೂ ಬರೆದಿಡುವದಿಲ್ಲ. ಶಾಲೆಯ ವರದಿಯಲ್ಲಿ ಜಮಾಖರ್ಚಿನ ಪಟ್ಟಿಯು ಅಚ್ಚಾಗುವಂತೆ, ಮುಂದಿನ ಉತ್ಸವದಿಂದ ಎಷ್ಟು ಕಸ ಹೊರಬಿದ್ದಿತು, ಎಷ್ಟು ಅನ್ನ ಚೆಲ್ಲಿಹೋಯಿತು ಎಂಬ ಲೆಕ್ಕವೂ ಅಚ್ಚಾಗಲಿ ಎಂಬದು ನಮ್ಮ ಸೂಚನೆ. ಆ ಲೆಕ್ಕವನ್ನು ಹುಡುಗಿಯರೇ ಬರೆಯಲಿ. ಪೂರ್ವವಿದ್ಯಾರ್ಥಿನಿಯರೂ ತಾಯಿತಂದೆಗಳೂ ಅದನ್ನು ಓದಿ, ತಮ್ಮ ತಮ್ಮ ಮನೆಗಳಲ್ಲಿ ಅಂಥದೇ ಒಂದು ಪುಟವನ್ನು ತೆರೆಯುವರೆಂದು ನಂಬಿರುತ್ತೇವೆ.