ಹಳದಿ ಪುಸ್ತಿಕೆ ಯಾರ ರಕ್ಷಣೆಗೆ?

ಉಗಾಂಡಕ್ಕೆ ಹೊರಡುವವರು ಎಲ್ಲಕ್ಕಿಂತ ಮೊದಲು ಮಾಡಿಸಿಕೊಳ್ಳಬೇಕಾದ ಕಾಗದವೆಂದರೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ. ವೀಸಾದ ಸರದಿ ಅದರ ನಂತರದ್ದು. ವೀಸಾ ಅರ್ಜಿಯನ್ನು ಮನೆಯಿಂದಲೇ ಆನ್‌ಲೈನಿನಲ್ಲಿ ಸಲ್ಲಿಸಬಹುದು; ಒಂದು ಸಲದ ಪ್ರವೇಶಕ್ಕೆ 50 ಡಾಲರ್, ಉಗಾಂಡ, ಕೀನ್ಯಾ, ರುವಾಂಡ ಮೂರನ್ನೂ ಸುತ್ತುವವರಿಗೆ 90 ದಿನಗಳ ಪೂರ್ವ ಆಫ್ರಿಕಾ ವೀಸಾಕ್ಕೆ 100 ಡಾಲರ್. ಆದರೆ ಆ ಅರ್ಜಿಯ ಜೊತೆಗೇ ಲಸಿಕೆಯ ಪತ್ರವನ್ನೂ ಲಗತ್ತಿಸಬೇಕು. ಈ ಲಸಿಕೆ ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ಮತ್ತು ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಪತ್ರ ಊರ್ಜಿತವಾಗುತ್ತದೆ. ಹಾಗಾಗಿ ಪ್ರಯಾಣಕ್ಕೆ ತಿಂಗಳು ಮೊದಲೇ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು. 2016ರ ಜುಲೈಯಿಂದ ಒಂದು ಚುಚ್ಚುಮದ್ದು ಜೀವನಪೂರ್ತಿಗೆ ಸಾಕು. ಪ್ರಮಾಣಪತ್ರದ ಹಳೆಯ ಹಳದಿ ಪುಸ್ತಿಕೆಯಲ್ಲಿ ಹತ್ತು ವರ್ಷದ ಅವಧಿ ನಮೂದಾಗಿದ್ದರೂ ಅಡ್ಡಿಯಿಲ್ಲ. ಇದು ಬಲ ಕುಂದಿಸಿದ ಜೀವಂತ ವೈರಸ್ಸಿನ ಲಸಿಕೆ, ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸುವಂಥದ್ದು. ಮೊಟ್ಟೆ ಒಗ್ಗದವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಗ್ಗಿದವರು, 60 ದಾಟಿದವರು ಮೊದಲು ವೈದ್ಯರ ಸಲಹೆ ಪಡೆಯಬೇಕು. ಒಂಬತ್ತು ತಿಂಗಳು ತುಂಬದ ಕೂಸುಗಳಿಗೆ ಹಾಕುವುದಿಲ್ಲ.

ಪ್ರವಾಸಿ ಕೈಪಿಡಿಗಳು ಇಷ್ಟು ಮುಖ್ಯವಾದ ವಿಷಯವನ್ನು ಪ್ಲಗ್ಗಿನ ಅಡಾಪ್ಟರು, ಸೊಳ್ಳೆ ಮುಲಾಮುಗಳ ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿ ಮುಗಿಸುತ್ತವೆ. ‘ನಿಮ್ಮ ಸುರಕ್ಷತೆಗಾಗಿ’ ಎಂಬ ಮಾತನ್ನು ಅದಕ್ಕೆ ಅಂಟಿಸುತ್ತವೆ. ಇದು ಬರಿಯ ಲೋಪವಲ್ಲ, ದಾರಿ ತಪ್ಪಿಸುವ ಬರವಣಿಗೆ. ತನ್ನ ಸುರಕ್ಷತೆ ತನಗೆ ಬಿಟ್ಟ ವಿಷಯವೆಂದು ಓದಿದವರು ತಿಳಿಯುತ್ತಾರೆ. ಸೂಜಿ ಚುಚ್ಚಿಸಿಕೊಳ್ಳದೆ ಮೊಹರು ಮಾತ್ರ ಒತ್ತಿಸಿಕೊಳ್ಳುವ ದಾರಿ ಹುಡುಕುವವರೂ ಇರುತ್ತಾರೆ. ಈ ರೋಗದ ಚರಿತ್ರೆಯನ್ನು ಸ್ವಲ್ಪವಾದರೂ ಬಲ್ಲವರು ಹಾಗೆ ಮಾಡಲಾರರು. ಆ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ನಡೆದದ್ದು ಪ್ರವಾಸಿಗಳ ವಿಮಾನ ಇಳಿಯುವ ಎಂಟೆಬ್ಬೆಯಲ್ಲೇ.

ವಿಕ್ಟೋರಿಯಾ ಸರೋವರದ ದಂಡೆಯ ಈ ಊರಿನಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ 1936ರಲ್ಲಿ ಹಳದಿ ಜ್ವರ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿತು. ಇಂದಿನ ಉಗಾಂಡ ವೈರಸ್ ಸಂಶೋಧನಾ ಸಂಸ್ಥೆ ಅದರ ಮುಂದುವರಿಕೆ. ಊರಿನಲ್ಲಿ ಒಬ್ಬ ರೋಗಿಯೂ ಇಲ್ಲದ ವರ್ಷಗಳಲ್ಲಿ ವೈರಸ್ ಎಲ್ಲಿ ಅಡಗಿರುತ್ತದೆ ಎಂಬುದು ಅಲ್ಲಿನ ವಿಜ್ಞಾನಿಗಳನ್ನು ಕಾಡಿದ ಪ್ರಶ್ನೆ. ಅಲೆಕ್ಸಾಂಡರ್ ಹ್ಯಾಡೊ ಮತ್ತು ಸಂಗಡಿಗರು ಕಾಡಿನ ಮರಗಳಿಗೆ ಅಟ್ಟ ಕಟ್ಟಿದರು. ನೆಲದಿಂದ ಮರದ ನೆತ್ತಿಯವರೆಗೆ ಬೇರೆ ಬೇರೆ ಎತ್ತರದಲ್ಲಿ ಜನರನ್ನು ಕೂರಿಸಿ, ಕಚ್ಚಲು ಬಂದ ಸೊಳ್ಳೆಗಳನ್ನು ಹಗಲೂ ರಾತ್ರಿಯೂ ಹಿಡಿಸಿ, ಗಂಟೆಗಂಟೆಯ ಲೆಕ್ಕ ಬರೆದಿಟ್ಟರು. ಆ ಲೆಕ್ಕದಲ್ಲಿ ಉತ್ತರ ಮೂಡಿತು. ಈಡಿಸ್ ಆಫ್ರಿಕಾನಸ್ ಎಂಬ ಸೊಳ್ಳೆ ಹೊತ್ತು ಮುಳುಗಿದೊಡನೆ ಮರದ ನೆತ್ತಿಯಲ್ಲಿ ಕಚ್ಚುತ್ತದೆ. ಮಂಗಗಳು ಮಲಗಲು ಸೇರುವುದೂ ಅಲ್ಲೇ, ಆ ಹೊತ್ತಿಗೇ. ಹೀಗೆ ವೈರಸ್ ಮಂಗದಿಂದ ಮಂಗಕ್ಕೆ ದಾಟುತ್ತಾ ಕಾಡಿನ ಮೇಲ್ಛಾವಣಿಯಲ್ಲೇ ಉಳಿದಿರುತ್ತದೆ. ಬೆಳಗಾದರೆ ಅದೇ ಮಂಗಗಳು ಬಾಳೆತೋಟಕ್ಕೆ ನುಗ್ಗುತ್ತವೆ. ಬಾಳೆಯ ಎಲೆ ದಿಂಡಿಗೆ ಕೂಡುವ ಸಂದಿನಲ್ಲಿ ನಿಂತ ಬೊಗಸೆ ನೀರಿನಲ್ಲಿ ಹುಟ್ಟುವ ಈಡಿಸ್ ಸಿಂಪ್ಸೋನಿ ಹಗಲು ಕಚ್ಚುವ ಸೊಳ್ಳೆ. ಮಂಗನ ರಕ್ತ ಹೀರಿದ ಅದು ತೋಟದಲ್ಲಿ ಗೊನೆ ಕಡಿಯುವವರನ್ನೂ ಕಚ್ಚುತ್ತದೆ. ಬಾಳೆಯೇ ಮುಖ್ಯ ಆಹಾರವಾಗಿರುವ ನಾಡಿನಲ್ಲಿ ಕಾಡಿನ ರೋಗ ಮನೆಯ ಹಿತ್ತಿಲಿಗೆ ಬರಲು ಇಷ್ಟು ಸಾಕು.

ಆಫ್ರಿಕದ ಮಂಗಗಳು ಈ ಸೋಂಕಿನಿಂದ ಸಾಯುವುದು ಅಪರೂಪ. ಆದ್ದರಿಂದ ಪ್ರಯೋಗಕ್ಕೆ ಬೇರೆ ಪ್ರಾಣಿ ಬೇಕಾಯಿತು. 1927ರಲ್ಲಿ ಏಡ್ರಿಯನ್ ಸ್ಟೋಕ್ಸ್ ಅವರಿದ್ದ ತಂಡ, ಇಂದಿನ ಘಾನಾದ ಅಸಿಬಿ ಎಂಬ ರೋಗಿಯ ರಕ್ತವನ್ನು ಭಾರತದಿಂದ ತರಿಸಿದ ರೀಸಸ್ ಕೋತಿಗೆ ಚುಚ್ಚಿತು. ಕೋತಿ ಹಳದಿ ಜ್ವರದಿಂದ ಸತ್ತಿತು. ಅಸಿಬಿ ಬದುಕಿದ, ಸ್ಟೋಕ್ಸ್ ಅದೇ ವರ್ಷ ಅದೇ ರೋಗಕ್ಕೆ ಬಲಿಯಾದರು. ಆ ವೈರಸ್ ತಳಿಯನ್ನು ಪಳಗಿಸಿ ಮ್ಯಾಕ್ಸ್ ಥೈಲರ್ ಮತ್ತು ಸಹೋದ್ಯೋಗಿಗಳು 1937ರ ಹೊತ್ತಿಗೆ 17ಡಿ ಲಸಿಕೆಯನ್ನು ರೂಪಿಸಿದರು. ಥೈಲರ್ ಅವರಿಗೆ 1951ರಲ್ಲಿ ನೊಬೆಲ್ ಬಂತು. ಇಂದು ಪ್ರವಾಸಿಗಳ ತೋಳಿಗೆ ಬೀಳುವ ಚುಚ್ಚುಮದ್ದು ಆ ಒಬ್ಬ ರೋಗಿಯಿಂದ ಪಡೆದ ವೈರಸ್ಸಿನ ಸಂತತಿಯೇ. ಎಂಟೆಬ್ಬೆಯ ತಂಡವೂ ರೀಸಸ್ ಕೋತಿಗಳನ್ನು ಪಂಜರದಲ್ಲಿಟ್ಟು ಜೀಕಾ ಎಂಬ ಕಾಡಿನ ಅಟ್ಟಗಳ ಮೇಲೆ ಕಾವಲಿಗಿರಿಸಿತು. 1947ರ ಏಪ್ರಿಲ್‌ನಲ್ಲಿ 766ನೇ ಸಂಖ್ಯೆಯ ಕೋತಿಗೆ ಜ್ವರ ಬಂದಾಗ ಅದರ ರಕ್ತದಲ್ಲಿ ಕಂಡದ್ದು ಹಳದಿ ಜ್ವರವಲ್ಲ, ಅದುವರೆಗೆ ಯಾರೂ ಅರಿಯದ ವೈರಸ್. ಕಾಡಿನ ಹೆಸರನ್ನೇ ಅದಕ್ಕಿಟ್ಟರು. ಎಂಟೆಬ್ಬೆಯಿಂದ ಕಂಪಾಲಾಕ್ಕೆ ಹೋಗುವ ಹಳೆಯ ರಸ್ತೆಯ ಬದಿಯಲ್ಲೇ ಆ ಪುಟ್ಟ ಕಾಡು ಇದೆ.

ನಮ್ಮ ಮಲೆನಾಡಿನ ಕ್ಯಾಸನೂರು ಕಾಡಿನ ಕಾಯಿಲೆಯ ಚರಿತ್ರೆಗೂ ಹಳದಿ ಜ್ವರಕ್ಕೂ ನಂಟಿದೆ. ಅದರ ಒಂದು ಎಳೆ ಮಾತ್ರ ಇಲ್ಲಿಗೆ ಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕಾಡಿನಲ್ಲಿ ಮುಸಿಯಗಳೂ ಮಂಗಗಳೂ ಸಾಯತೊಡಗಿ, ಅಂಚಿನ ಹಳ್ಳಿಗಳಲ್ಲಿ ಜನರಿಗೂ ಜ್ವರ ಬಂದಾಗ ತಜ್ಞರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಭಾರತದ ಕೋತಿ ಆ ವೈರಸ್ಸನ್ನು ತಾಳಿಕೊಳ್ಳದು ಎಂಬುದು ಮೂವತ್ತು ವರ್ಷ ಮೊದಲೇ ತಿಳಿದಿತ್ತಲ್ಲ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಮಲೆನಾಡಿಗೆ ಬಂತು. ಸಿಕ್ಕಿದ್ದು ಅದೇ ಕುಲದ ಬೇರೊಂದು ವೈರಸ್, ಉಣುಗುಗಳಿಂದ ಹರಡುವಂಥದ್ದು. ಅನುಮಾನ ನಿಜವಾಗಲಿಲ್ಲ, ಆದರೆ ಅದು ಅಕಾರಣವಾಗಿರಲಿಲ್ಲ.

ಹಾಗಾದರೆ ಕೇಳಬೇಕಾದ ಪ್ರಶ್ನೆಯೇ ಬೇರೆ. ಉಗಾಂಡದಲ್ಲಿ ಪ್ರವಾಸಿ ಯಾವುದರಿಂದ ಪಾರಾಗಬೇಕು ಎಂದು ಕೈಪಿಡಿಗಳು ಕೇಳುತ್ತವೆ. ಪ್ರವಾಸಿಯಿಂದ ಯಾರು ಪಾರಾಗಬೇಕು ಎಂದು ಕಾನೂನು ಕೇಳುತ್ತದೆ. ಭಾರತದಲ್ಲಿ ಹಳದಿ ಜ್ವರ ಈವರೆಗೆ ಕಾಣಿಸಿಕೊಂಡಿಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಈಜಿಪ್ಟಿ ಸೊಳ್ಳೆ ಊರೂರಿನಲ್ಲೂ ಇದೆ. ಡೆಂಗಿಯನ್ನು ಮನೆಮನೆಗೆ ತಲುಪಿಸುವುದು ಅದೇ. ಪನಾಮಾ ಕಾಲುವೆ 1914ರಲ್ಲಿ ತೆರೆಯುವ ಮೊದಲೇ ಬ್ರಿಟಿಷ್ ಆಡಳಿತಕ್ಕೆ ಈ ಭಯ ಹತ್ತಿತ್ತು. ಅಮೆರಿಕಾ ಖಂಡದ ಬಂದರುಗಳಿಂದ ಏಷ್ಯಾಕ್ಕೆ ಹಾದಿ ಹತ್ತಿರವಾದರೆ ಹಡಗಿನೊಂದಿಗೆ ರೋಗವೂ ಬಂದೀತೆಂದು ಎಸ್. ಪಿ. ಜೇಮ್ಸ್ ಎಂಬ ವೈದ್ಯಾಧಿಕಾರಿ ಅಧ್ಯಯನ ನಡೆಸಿ, ಭಾರತವನ್ನು ಕಾಪಾಡುವ ಬಗೆಯನ್ನು 1913ರಲ್ಲಿ ಪ್ರಕಟಿಸಿದರು. ಇಂದಿನ ನಿಯಮದ ಹಿಂದಿರುವುದೂ ಅದೇ ಭಯ. ಉಗಾಂಡದಿಂದ ಪ್ರಮಾಣಪತ್ರವಿಲ್ಲದೆ ಮರಳಿದವರನ್ನು ಭಾರತದ ವಿಮಾನ ನಿಲ್ದಾಣದಲ್ಲಿ ತಡೆದು ಆರು ದಿನಗಳವರೆಗೆ ಪ್ರತ್ಯೇಕವಾಗಿರಿಸಬಹುದು. ಸೋಂಕು ತಗಲಿ ಜ್ವರವಾಗಿ ಹೊರಬೀಳಲು ಹಿಡಿಯುವ ಅವಧಿ ಅಷ್ಟು. ಮೊಹರು ಮಾತ್ರ ಸಂಪಾದಿಸಿದವರು ತಮ್ಮ ಬೀದಿಯ ಅಷ್ಟೂ ಜನರನ್ನು ಪಣಕ್ಕಿಡುತ್ತಾರೆ.

ಈ ದೃಷ್ಟಿಯಿಂದ ನೋಡಿದರೆ ಗೊರಿಲ್ಲಾ ದರ್ಶನದ ಕಟ್ಟುನಿಟ್ಟುಗಳೂ ಅರ್ಥವಾಗುತ್ತವೆ. ಬೆಟ್ಟದ ಗೊರಿಲ್ಲಾಗಳು ಜಗತ್ತಿನಲ್ಲಿ ಉಳಿದಿರುವುದು ಸಾವಿರಕ್ಕೆ ತುಸು ಹೆಚ್ಚು. 2018ರ ಗಣತಿಯಲ್ಲಿ ಬ್ವಿಂಡಿ ಕಾಡು ಮತ್ತು ಅದಕ್ಕೆ ಹೊಂದಿದ ಪ್ರದೇಶದಲ್ಲಿ 459 ಲೆಕ್ಕಕ್ಕೆ ಸಿಕ್ಕವು. ವಿದೇಶಿಯರಿಗೆ ಪರವಾನಗಿ 800 ಡಾಲರ್, ಅದನ್ನು ತಿಂಗಳುಗಳ ಮೊದಲೇ ಕಾದಿರಿಸಬೇಕು. ಒಂದು ಗೊರಿಲ್ಲಾ ಕುಟುಂಬಕ್ಕೆ ದಿನಕ್ಕೆ ಎಂಟೇ ಜನ, ಒಂದೇ ಗಂಟೆ. ಹದಿನೈದು ತುಂಬದವರಿಗೆ ಪ್ರವೇಶವಿಲ್ಲ. ಏಳು ಮೀಟರಿದ್ದ ಅಂತರವನ್ನು ಕೋವಿಡ್ ಕಾಲದಲ್ಲಿ ಹತ್ತಕ್ಕೆ ಏರಿಸಿ ಮುಸುಕನ್ನು ಕಡ್ಡಾಯಗೊಳಿಸಲಾಯಿತು. ನೆಗಡಿ ಕೆಮ್ಮು ಇದ್ದವರು ಅದನ್ನು ಮುಚ್ಚಿಡಬಾರದು. ಮನುಷ್ಯರ ಮಾಮೂಲಿ ನೆಗಡಿ ಗೊರಿಲ್ಲಾಗೆ ಪ್ರಾಣಾಂತಿಕವಾಗಬಲ್ಲುದು. 1996ರಲ್ಲಿ ಬ್ವಿಂಡಿಯ ಒಂದು ಗೊರಿಲ್ಲಾ ಕುಟುಂಬಕ್ಕೆ ಕಜ್ಜಿ ತಗಲಿ, ಕೂದಲುದುರಿ, ಒಂದು ಮರಿ ಸತ್ತಿತು. ಚಿಕಿತ್ಸೆಗೆ ಬಂದ ಪಶುವೈದ್ಯೆ ಗ್ಲ್ಯಾಡಿಸ್ ಕಲೇಮಾ-ಜಿಕುಸೋಕಾ ಮೂಲ ಹುಡುಕಿದಾಗ ಅನುಮಾನ ಹೋದದ್ದು ಕಾಡಂಚಿನ ಹೊಲಗಳ ಬೆದರುಬೊಂಬೆಗಳ ಮೇಲೆ. ಅವಕ್ಕೆ ತೊಡಿಸಿದ್ದು ಕಜ್ಜಿಯಿದ್ದ ಬಡವರ ಹಳೆಯ ಬಟ್ಟೆಗಳು. ಹಳ್ಳಿಯವರ ಆರೋಗ್ಯ ಸುಧಾರಿಸದೆ ಗೊರಿಲ್ಲಾ ಉಳಿಯದು ಎಂಬ ತಿಳಿವಿನಿಂದ ಅವರು 2003ರಲ್ಲಿ ಎರಡೂ ಕಡೆ ಕೆಲಸ ಮಾಡುವ ಸಂಸ್ಥೆಯೊಂದನ್ನು ಕಟ್ಟಿದರು. ಕ್ವೀನ್ ಎಲಿಜಬೆತ್ ರಾಷ್ಟ್ರೀಯ ಉದ್ಯಾನದ ಬಾವಲಿಗಳ ಗುಹೆಯದು ಇದರ ಇನ್ನೊಂದು ಮುಖ: 2008ರಲ್ಲಿ ಆ ಗುಹೆಯೊಳಗೆ ಹೋಗಿದ್ದ ಡಚ್ ಪ್ರವಾಸಿಯೊಬ್ಬರು ಊರಿಗೆ ಮರಳಿದ ಮೇಲೆ ಮಾರ್ಬರ್ಗ್ ಜ್ವರದಿಂದ ತೀರಿಕೊಂಡರು. ಗುಹೆಗಳ ಒಳಗೆ ಕಾಲಿಡಬಾರದು, ದೂರದಿಂದಲೇ ನೋಡಬೇಕು.

ಉಳಿದ ಸಲಹೆಗಳು ಸರಳ. ಪ್ರವಾಸಕ್ಕೆ ಜೂನ್‌ನಿಂದ ಆಗಸ್ಟ್, ಡಿಸೆಂಬರ್‌ನಿಂದ ಫೆಬ್ರವರಿ ಅನುಕೂಲ. ಉಳಿದ ತಿಂಗಳುಗಳಲ್ಲಿ ಮಳೆಗೆ ಕಾಡುದಾರಿಗಳು ಕೆಸರಾಗುತ್ತವೆ. ದೇಶ ಸಮಭಾಜಕದ ಮೇಲಿದ್ದರೂ ಕಂಪಾಲಾ ಸುಮಾರು 1,200 ಮೀಟರ್ ಎತ್ತರದಲ್ಲಿದೆ, ಸೆಕೆ ಕಡಿಮೆ. ಬ್ವಿಂಡಿಯ ಬೆಳಗಿಗೆ ಸ್ವೆಟರ್ ಬೇಕು. 2009ಕ್ಕಿಂತ ಹಳೆಯ ಡಾಲರ್ ನೋಟುಗಳನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಪ್ಲಗ್ಗು ಬ್ರಿಟಿಷ್ ಮಾದರಿಯದು, ಅಡಾಪ್ಟರು ಒಯ್ಯಬೇಕು. ವಾಹನಗಳು ಭಾರತದಂತೆ ಎಡಬದಿಯಲ್ಲೇ ಓಡುತ್ತವೆ. ಬೋಡಾಬೋಡಾ ಎಂಬ ಬಾಡಿಗೆ ಬೈಕುಗಳನ್ನು ಹೆಲ್ಮೆಟ್ ಇಲ್ಲದೆ ಏರಬಾರದು, ರಾತ್ರಿ ಹೆದ್ದಾರಿ ಪ್ರಯಾಣ ಬೇಡ. ಸಸ್ಯಾಹಾರಿಗಳಿಗೆ ಮಟೋಕೆ ಬಾಳೆಕಾಯಿ ಮತ್ತು ಕಡಲೆಕಾಯಿ ಗೊಜ್ಜು, ಮುದ್ದೆಯನ್ನೇ ಹೋಲುವ ಮೆಕ್ಕೆಜೋಳದ ಪೋಶೋ ಮತ್ತು ಬೀನ್ಸ್ ಎಲ್ಲೆಡೆ ಸಿಗುತ್ತವೆ. ಜಿಂಜಾದಲ್ಲಿ ನೈಲ್ ಹೊರಡುವ ಕಡೆ 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನು ವಿಸರ್ಜಿಸಿದ ಜಾಗವಿದೆ. ಅಲ್ಲಿ ನೀರಿಗೆ ಕೈಮುಗಿಯಬಹುದು, ಇಳಿಯಬಾರದು. ವಿಕ್ಟೋರಿಯಾದ ಅಂಚಿನ ಆಳವಿಲ್ಲದ ನೀರಿನಲ್ಲಿ ಬಸವನಹುಳುಗಳಿಂದ ಹೊರಬರುವ ಬಿಲ್ಹಾರ್ಜಿಯಾ ಮರಿಗಳು ಚರ್ಮವನ್ನೇ ಕೊರೆದು ಒಳಸೇರುತ್ತವೆ. ಅಭಯಾರಣ್ಯಗಳಲ್ಲಿ ಕಡುನೀಲಿ, ಕಪ್ಪು ಬಟ್ಟೆ ಬೇಡ. ತ್ಸೆತ್ಸೆ ನೊಣಗಳನ್ನು ಆ ಬಣ್ಣಗಳು ಸೆಳೆಯುತ್ತವೆ.

ಮಲೇರಿಯಾದ ಮಾತನ್ನು ಮಾತ್ರ ಬೇರೆಯಾಗಿಯೇ ಹೇಳಬೇಕು. ಉಗಾಂಡದ ಮಲೇರಿಯಾ ಬಹುಪಾಲು ಫಾಲ್ಸಿಪಾರಂ, ಚಿಕಿತ್ಸೆ ತಡವಾದರೆ ಕೊಲ್ಲುವಂಥದ್ದು, ಕ್ಲೋರೋಕ್ವಿನ್‌ಗೆ ಬಗ್ಗದ್ದು. ಅಟೋವಕ್ವೋನ್-ಪ್ರೊಗ್ವಾನಿಲ್ ಅಥವಾ ಡಾಕ್ಸಿಸೈಕ್ಲಿನ್‌ನಂಥ ಮಾತ್ರೆಗಳನ್ನು ವೈದ್ಯರನ್ನು ಕೇಳಿ ಹೊರಡುವ ಮೊದಲೇ ಶುರುಮಾಡಬೇಕು. ಮರಳಿದ ಮೇಲೂ ಮೊದಲನೆಯದನ್ನು ಒಂದು ವಾರ, ಎರಡನೆಯದನ್ನು ನಾಲ್ಕು ವಾರ ಮುಂದುವರಿಸಬೇಕು. ಬಂದ ಮೂರು ತಿಂಗಳೊಳಗೆ ಜ್ವರ ಕಾಣಿಸಿಕೊಂಡರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕು, ವೈದ್ಯರು ಕೇಳುವ ಮೊದಲೇ ಉಗಾಂಡದ ಹೆಸರು ಹೇಳಬೇಕು. ಹಾಗೆ ಹೇಳದಿದ್ದರೆ ಬೆಂಗಳೂರಿನ ಮಳೆಗಾಲದಲ್ಲಿ ಅದು ಡೆಂಗಿಯೆಂದೋ ವೈರಲ್ ಜ್ವರವೆಂದೋ ಎಣಿಕೆಯಾಗಿ ಅಮೂಲ್ಯವಾದ ಒಂದೆರಡು ದಿನ ಕಳೆದುಹೋಗುತ್ತದೆ.